ಹಕ್ಕಿಗಳಿಗೆ ಕೆರೆ ಕಟ್ಟಿದ ಮಹಾನಗರ
ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ದ್ವೀಪಗಳ ಚರಿತ್ರೆ

ನ್ಯೂಯಾರ್ಕಿನ ಕೆನಡಿ ವಿಮಾನನಿಲ್ದಾಣದ ಮೂಲಕ ಈ ದೇಶದ ನೆಲವನ್ನು ಮೊದಲು ಮೆಟ್ಟಿದ ಕನ್ನಡಿಗರು ನಮ್ಮಲ್ಲಿ ಅನೇಕರು. ವಿಮಾನವು ಕೆಳಗಿಳಿಯುವ ಕೊನೆಯ ನಿಮಿಷಗಳಲ್ಲಿ ಎಲ್ಲರ ಕಣ್ಣೂ ಗಗನಚುಂಬಿ ಕಟ್ಟಡಗಳನ್ನೇ ಅರಸುತ್ತದೆ. ಆದರೆ ಆ ಹೊತ್ತಿನಲ್ಲಿ ಎಷ್ಟೋ ಸಲ ರೆಕ್ಕೆಯ ಕೆಳಗೆ ಹಾದುಹೋಗುವುದು ಬಳ್ಳಿಯಂತೆ ಬಳುಕುವ ಉಪ್ಪುನೀರಿನ ಕಾಲುವೆಗಳು, ಅವುಗಳ ನಡುವೆ ಜೊಂಡುಹುಲ್ಲು ಹೊದ್ದು ಮಲಗಿರುವ ತಗ್ಗಾದ ದ್ವೀಪಗಳು. ಇದೇ ಜಮೈಕಾ ಕೊಲ್ಲಿ. ವೆಸ್ಟ್ ಇಂಡೀಸಿನ ಜಮೈಕಾಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರ ಭಾಷೆಯಲ್ಲಿ ಬೀವರ್ ಎಂಬ ಪ್ರಾಣಿಗಿದ್ದ ಹೆಸರೇ ಡಚ್ಚರ, ಇಂಗ್ಲಿಷರ ನಾಲಗೆಯಲ್ಲಿ ಹೊರಳಿ ಜಮೈಕಾ ಆಯಿತು.

ಬ್ರೂಕ್ಲಿನ್ ಮತ್ತು ಕ್ವೀನ್ಸ್ ಎಂಬ ಎರಡು ಜನನಿಬಿಡ ಭಾಗಗಳ ಮಡಿಲಿನಲ್ಲಿರುವ ಈ ಕೊಲ್ಲಿಯಲ್ಲಿ ಇಂದು 9,000 ಎಕರೆಗೂ ಮಿಕ್ಕ ವನ್ಯಜೀವಿಧಾಮವಿದೆ. ಅಲ್ಲಿ ಇದುವರೆಗೆ 330ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ದಾಖಲಾಗಿವೆ. ಸುರಂಗರೈಲಿನ ಒಂದು ಟಿಕೆಟ್ಟಿನಲ್ಲಿ ತಲುಪಬಹುದಾದ ಇಂಥ ಪಕ್ಷಿಧಾಮ ಲೋಕದಲ್ಲಿ ವಿರಳ. ಇದನ್ನು ನೋಡಿದವರಿಗೆ, ನಗರವು ಬೆಳೆಯುತ್ತ ಬೆಳೆಯುತ್ತ ಹೇಗೋ ನುಂಗದೆ ಬಿಟ್ಟ ಆದಿಮ ಪ್ರಕೃತಿಯ ತುಣುಕು ಇದೆಂದು ತೋರುವುದು ಸಹಜ. ಇತಿಹಾಸ ಹೇಳುವ ಕಥೆ ಬೇರೆ. ಈ ನೀರು, ಈ ದಂಡೆ, ಈ ಗಿಡಮರಗಳಲ್ಲಿ ಬಹುಪಾಲು ಮನುಷ್ಯರು ಕಟ್ಟಿದ್ದು, ನೆಟ್ಟದ್ದು, ಕಾನೂನಿನಿಂದ ಕಾದದ್ದು. ನಮ್ಮ ನಾಡಿನ ಕೆರೆಯಂತೆ ಇದೂ ಒಂದು ಕಟ್ಟೋಣ. ಕೆರೆಯಂತೆಯೇ ತಲೆಮಾರು ತಲೆಮಾರಿಗೂ ದುರಸ್ತಿ ಬೇಡುವಂಥದು. ಆ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಹಾದಿಯ ನಡುವಿನ ಛತ್ರ

ಹಕ್ಕಿಗಳು ಇಲ್ಲಿಗೇ ಏಕೆ ಬರುತ್ತವೆ? ಉತ್ತರ ಭೂಗೋಳದಲ್ಲಿದೆ. ಅಮೆರಿಕದ ಪೂರ್ವ ಕರಾವಳಿಯು ನ್ಯೂಯಾರ್ಕಿನ ಬಳಿ ಮೊಣಕೈಯಂತೆ ಮಡಿಸಿಕೊಂಡಿದೆ. ತೆಂಕಣಿಂದ ಬರುವ ನ್ಯೂಜೆರ್ಸಿಯ ತೀರವೂ ಮೂಡಣಿಂದ ಬರುವ ಲಾಂಗ್ ಐಲೆಂಡಿನ ತೀರವೂ ಕೂಡುವ ಮೂಲೆಯಲ್ಲಿ ಈ ನಗರ ಕುಳಿತಿದೆ. ಆರ್ಕ್ಟಿಕ್ ಪ್ರದೇಶದಿಂದ ದಕ್ಷಿಣ ಅಮೆರಿಕಕ್ಕೆ ಹೋಗಿ ಬರುವ ಹಕ್ಕಿಗಳು ಈ ಕರಾವಳಿಯ ಗೆರೆಯನ್ನು ಹಿಡಿದೇ ಸಾಗುತ್ತವೆ. ಅವುಗಳ ಪಾಲಿಗೆ ಜಮೈಕಾ ಕೊಲ್ಲಿಯು ದೂರದಾರಿಯ ನಡುವೆ ಸಿಕ್ಕುವ ಛತ್ರ, ಅರವಟ್ಟಿಗೆ.

ಈ ಪಯಣದ ಕಷ್ಟವನ್ನು ಅರಿಯಲು ಒಂದು ಉದಾಹರಣೆ ಸಾಕು. ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿಯ ತೂಕ ಸುಮಾರು 12 ಗ್ರಾಂ. ಕೆನಡಾ, ಅಲಾಸ್ಕಗಳ ಕಾಡಿನಲ್ಲಿ ಮರಿಮಾಡುವ ಈ ಜೀವ ಶರತ್ಕಾಲದಲ್ಲಿ ಈಶಾನ್ಯ ಕರಾವಳಿಗೆ ಬಂದು, ಮೈತುಂಬ ಕೊಬ್ಬು ತುಂಬಿಕೊಂಡು, ಅಟ್ಲಾಂಟಿಕ್ ಸಾಗರದ ಮೇಲೆ ಎರಡು-ಮೂರು ದಿನ ಎಲ್ಲಿಯೂ ಇಳಿಯದೆ ಹಾರಿ ಕೆರಿಬಿಯನ್ ದ್ವೀಪಗಳನ್ನು ಸೇರುತ್ತದೆಂಬುದು 2015ರಲ್ಲಿ ಪುಟ್ಟ ದಾಖಲೆಯಂತ್ರಗಳ ನೆರವಿನಿಂದ ರುಜುವಾತಾಯಿತು. ಇಂಥ ಹಕ್ಕಿಗೆ ಹೊರಡುವ ಮುನ್ನ ದೊರೆಯುವ ನಾಲ್ಕು ದಿನದ ಆಹಾರವೇ ಪ್ರಾಣ. ಛತ್ರದ ಬಾಗಿಲು ಮುಚ್ಚಿದ್ದರೆ ಮುಂದಿನ ಊರಿಲ್ಲ.

ಟೋಪಿಯ ಮೇಲಿನ ಹಕ್ಕಿ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಛತ್ರದ ಬಾಗಿಲಲ್ಲಿ ಬಂದೂಕಿನವರು ನಿಂತಿದ್ದರು. ಲಾಂಗ್ ಐಲೆಂಡಿನ ದಕ್ಷಿಣ ತೀರದ ಜೌಗುಗಳು ನಗರದ ಮಾಂಸದಂಗಡಿಗಳಿಗೆ ಹಕ್ಕಿಗಳನ್ನು ಪೂರೈಸುವ ಕಣಜವಾಗಿದ್ದವು. ಗೊರವಗಳು, ಬಾತುಗಳು ಗಾಡಿಗಟ್ಟಲೆ ಪೇಟೆಗೆ ಬರುತ್ತಿದ್ದವು. ಲ್ಯಾಬ್ರಡಾರ್ ಬಾತು ಎಂಬ ಕಪ್ಪು-ಬಿಳುಪಿನ ಕಡಲಬಾತಿನ ಕೊನೆಯ ಖಚಿತ ಮಾದರಿ ದೊರೆತದ್ದು 1875ರಲ್ಲಿ, ಇದೇ ಲಾಂಗ್ ಐಲೆಂಡಿನ ಬಳಿ, ಗುಂಡೇಟಿನಿಂದ. ಆಮೇಲೆ ಆ ಜಾತಿಯೇ ಇಲ್ಲವಾಯಿತು. ಮಂದೆಮಂದೆಯಾಗಿ ಹಾರುತ್ತಿದ್ದ ಎಸ್ಕಿಮೊ ಕರ್ಲ್ಯೂ ಎಂಬ ಗೊರವವನ್ನು 1963ರ ಬಳಿಕ ಯಾರೂ ಖಚಿತವಾಗಿ ಕಂಡಿಲ್ಲ.

ಹೊಟ್ಟೆಯ ಹಸಿವಿಗಿಂತ ಘೋರವಾಗಿದ್ದುದು ಅಲಂಕಾರದ ಹಸಿವು. ಆ ಕಾಲದ ಸ್ತ್ರೀಯರ ಟೋಪಿಗಳಿಗೆ ಗರಿ, ರೆಕ್ಕೆ, ಕೆಲವೊಮ್ಮೆ ಇಡೀ ಹಕ್ಕಿಯನ್ನೇ ಸಿಕ್ಕಿಸುವ ವಾಡಿಕೆಯಿತ್ತು. 1886ರಲ್ಲಿ ಫ್ರಾಂಕ್ ಚಾಪ್ಮನ್ ಎಂಬ ತರುಣ ಪಕ್ಷಿಪ್ರೇಮಿ ಮ್ಯಾನ್‌ಹಟನ್ನಿನ ಪೇಟೆಬೀದಿಗಳಲ್ಲಿ ಎರಡು ಸಂಜೆ ಅಡ್ಡಾಡಿ ಒಂದು ವಿಚಿತ್ರ ಪಕ್ಷಿವೀಕ್ಷಣೆ ಮಾಡಿದರು. ಅವರು ನೋಡಿದ್ದು ಮರದ ಮೇಲಿನ ಹಕ್ಕಿಗಳನ್ನಲ್ಲ, ತಲೆಯ ಮೇಲಿನ ಹಕ್ಕಿಗಳನ್ನು. 700 ಟೋಪಿಗಳನ್ನು ಲೆಕ್ಕ ಹಾಕಿದಾಗ 542ರಲ್ಲಿ ಗರಿಗಳಿದ್ದವು. ಅವುಗಳಲ್ಲಿ 40 ಜಾತಿಯ ಪಕ್ಷಿಗಳನ್ನು ಅವರು ಗುರುತಿಸಿದರು. ಕಾಡಿಗೆ ಹೋಗಿ ಕಾಣಲು ವಾರಗಟ್ಟಲೆ ಬೇಕಾದ ಜಾತಿಗಳನ್ನು ಒಂದು ಬೀದಿಯ ಫುಟ್‌ಪಾತಿನಲ್ಲೇ ಕಂಡು ಅವರು ಆ ಪಟ್ಟಿಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಉಪದೇಶಕ್ಕಿಂತ ಆ ಅಂಕೆಸಂಖ್ಯೆಯೇ ಹೆಚ್ಚು ಚುಚ್ಚುವಂತಿತ್ತು.

ಈ ವ್ಯಾಪಾರದಲ್ಲಿ ಅತಿ ಹೆಚ್ಚು ಬೆಲೆ ಬಾಳುತ್ತಿದ್ದುದು ಬೆಳ್ಳಕ್ಕಿಯ ಗರಿ. ಮರಿಮಾಡುವ ಕಾಲದಲ್ಲಿ ಮಾತ್ರ ಬೆಳ್ಳಕ್ಕಿಯ ಬೆನ್ನಿನ ಮೇಲೆ ಜರತಾರಿಯ ಎಳೆಯಂಥ ನವಿರು ಗರಿಗಳು ಮೂಡುತ್ತವೆ. ಆದುದರಿಂದ ಬೇಟೆಗಾರರು ಗೂಡಿನ ಮೇಲೆ ಕುಳಿತ ಹಕ್ಕಿಗಳನ್ನೇ ಕೊಲ್ಲುತ್ತಿದ್ದರು. ಮರಿಗಳು ಗೂಡಿನಲ್ಲಿ ಹಸಿದು ಸಾಯುತ್ತಿದ್ದವು. 1903ರ ವೇಳೆಗೆ ಒಂದು ಔನ್ಸ್ ಗರಿಗೆ 32 ಡಾಲರ್ ಬೆಲೆಯಿತ್ತು. ಅದು ಚಿನ್ನದ ಬೆಲೆಗಿಂತಲೂ ಹೆಚ್ಚು. ನಮ್ಮ ಗದ್ದೆಬಯಲುಗಳಲ್ಲಿ, ಕೆರೆಯಂಗಳಗಳಲ್ಲಿ ನಾವು ಕಾಣುವ ದೊಡ್ಡ ಬೆಳ್ಳಕ್ಕಿಯೂ ನ್ಯೂಯಾರ್ಕಿನ ದೊಡ್ಡ ಬೆಳ್ಳಕ್ಕಿಯೂ ಒಂದೇ ಜಾತಿಗೆ ಸೇರಿದವು ಎಂಬುದನ್ನು ಇಲ್ಲಿ ನೆನೆಯಬೇಕು. ಫ್ಯಾಷನ್ನಿನ ಈ ಪಿಡುಗು ನಮ್ಮ ದೇಶವನ್ನೂ ಬಿಟ್ಟಿರಲಿಲ್ಲ. ಭಾರತದ ಹಕ್ಕಿಗಳ ಗರಿ ಲಂಡನ್ನಿನ ಹರಾಜುಕಟ್ಟೆಗಳಿಗೆ ಹೋಗುತ್ತಿತ್ತು. ಬ್ರಿಟಿಷ್ ಇಂಡಿಯಾ ಸರ್ಕಾರವು ಗರಿಗಳ ರಫ್ತನ್ನು 1902ರಲ್ಲಿ ನಿಷೇಧಿಸಿತು.

ಬಂದೂಕಿನ ಬದಲು ಲೇಖನಿ

ಟೋಪಿ ತೊಟ್ಟವರು ಸ್ತ್ರೀಯರೇ ಆದರೂ ಅದರ ವಿರುದ್ಧದ ಹೋರಾಟವನ್ನು ಗಟ್ಟಿಗೊಳಿಸಿದವರೂ ಸ್ತ್ರೀಯರೇ. ಜಾರ್ಜ್ ಬರ್ಡ್ ಗ್ರಿನೆಲ್ 1886ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಆಡುಬನ್ ಸಂಘ ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನಾ ಹಾಲ್ ಎಂಬ ಮಹಿಳೆಯರು ತಮ್ಮ ಪರಿಚಯದ ಶ್ರೀಮಂತ ಮನೆತನಗಳ ಗೃಹಿಣಿಯರನ್ನು ಚಹಾಕೂಟಗಳಿಗೆ ಕರೆದು, ಗರಿಯ ಟೋಪಿ ತೊಡುವುದಿಲ್ಲವೆಂದು ಮಾತು ತೆಗೆದುಕೊಂಡರು. ಅದೇ ಕಿಡಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. 1900ರಲ್ಲಿ ಲೇಸಿ ಕಾಯಿದೆ ಬಂತು. 1910ರಲ್ಲಿ ನ್ಯೂಯಾರ್ಕ್ ರಾಜ್ಯವೇ ಕಾಡುಹಕ್ಕಿಗಳ ಗರಿಯ ಮಾರಾಟಕ್ಕೆ ತಡೆಯೊಡ್ಡಿತು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನೊಡನೆ ಆದ ಒಪ್ಪಂದದ ಫಲವಾಗಿ 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಜಾರಿಗೆ ಬಂದಿತು. ಗಡಿಯನ್ನು ಗುರುತಿಸದ ಜೀವಿಗೆ ಗಡಿಯಾಚೆಗೂ ಸಲ್ಲುವ ರಕ್ಷಣೆ ಬೇಕೆಂಬ ತಿಳಿವಳಿಕೆಯನ್ನು ಎರಡು ಸರ್ಕಾರಗಳು ಬರೆಹದಲ್ಲಿ ಒಪ್ಪಿಕೊಂಡವು.

ಇದೇ ಚಾಪ್ಮನ್ 1900ರ ಕ್ರಿಸ್‌ಮಸ್ ಹಬ್ಬಕ್ಕೆ ಇನ್ನೊಂದು ಹೊಸ ಪದ್ಧತಿಯನ್ನು ಸೂಚಿಸಿದರು. ಆ ದಿನ ಬಂದೂಕು ಹಿಡಿದು ಪೈಪೋಟಿಯಿಂದ ಹಕ್ಕಿ ಹೊಡೆಯುವುದು ಅಲ್ಲಿನ ಹಳೆಯ ಸಂಪ್ರದಾಯವಾಗಿತ್ತು. ಹೊಡೆಯುವ ಬದಲು ಎಣಿಸೋಣ ಎಂದರು ಚಾಪ್ಮನ್. ಆ ವರ್ಷ ಎಣಿಸಲು ಹೊರಟವರು 27 ಮಂದಿ. ಅವರು 25 ಸ್ಥಳಗಳಲ್ಲಿ ಎಣಿಸಿದರು. ಅಂದು ತೊಡಗಿದ ಗಣತಿ ಇಂದಿಗೂ ಪ್ರತಿ ವರ್ಷ ನಡೆಯುತ್ತಿದ್ದು, ಹತ್ತಾರು ಸಾವಿರ ಜನರು ಅದರಲ್ಲಿ ಭಾಗವಹಿಸುತ್ತಾರೆ. ಪಕ್ಷಿಸಂಕುಲದ ಏಳುಬೀಳುಗಳ ಬಗ್ಗೆ ಈ ಖಂಡದಲ್ಲಿ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಹವ್ಯಾಸಿಗಳ ಟಿಪ್ಪಣಿಪುಸ್ತಕಗಳಿಂದ ಬಂದದ್ದು.

ನೋಡುವ ಈ ಅಭ್ಯಾಸವು ನಗರದಲ್ಲಿ ಬೇರೂರಲು ಇನ್ನೊಂದು ತಲೆಮಾರು ಬೇಕಾಯಿತು. ಲಡ್ಲೋ ಗ್ರಿಸ್ಕಮ್ ಎಂಬ ಪಕ್ಷಿವಿಜ್ಞಾನಿ 1923ರಲ್ಲಿ ನ್ಯೂಯಾರ್ಕ್ ಸೀಮೆಯ ಪಕ್ಷಿಗಳ ಬಗ್ಗೆ ಕೈಪಿಡಿಯೊಂದನ್ನು ಪ್ರಕಟಿಸಿದರು. ಹಕ್ಕಿಯನ್ನು ಕೊಂದು ಕೈಯಲ್ಲಿ ಹಿಡಿದರೆ ಮಾತ್ರ ಅದರ ಜಾತಿ ನಿರ್ಣಯಿಸಲು ಸಾಧ್ಯವೆಂದು ವಿದ್ವಾಂಸರು ನಂಬಿದ್ದ ಕಾಲದಲ್ಲಿ, ದುರ್ಬೀನಿನಿಂದ ನೋಡಿಯೇ ಗುರುತಿಸಬಹುದೆಂದು ತೋರಿಸಿದವರು ಅವರು. ಅವರ ಪ್ರಭಾವಕ್ಕೆ ಒಳಗಾದವರಲ್ಲಿ 1924ರಲ್ಲಿ ಕೂಟವೊಂದನ್ನು ಕಟ್ಟಿಕೊಂಡಿದ್ದ ಬ್ರಾಂಕ್ಸಿನ ಹದಿಹರೆಯದ ಹುಡುಗರೂ ಸೇರಿದ್ದರು. ನಗರದ ತಿಪ್ಪೆಗಳೂ ಅವರ ವೀಕ್ಷಣಾಕ್ಷೇತ್ರವಾಗಿದ್ದವು. ಹಂಟ್ಸ್ ಪಾಯಿಂಟಿನ ಕಸದ ರಾಶಿಯಲ್ಲಿ ಇಲಿ ಹಿಡಿಯಲು ಆರ್ಕ್ಟಿಕ್‌ನಿಂದ ಬಂದ ಹಿಮಗೂಬೆಗಳನ್ನು ಅವರು ಕಂಡರು. ಈ ಹುಡುಗರ ಬಳಗವನ್ನು ಹೊರಗಿನಿಂದ ಬಂದು ಸೇರಿದ ಚಿತ್ರಕಲಾ ವಿದ್ಯಾರ್ಥಿ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಹೊರತಂದ ಪಕ್ಷಿ ಮಾರ್ಗದರ್ಶಿಯ ಮೊದಲ ಮುದ್ರಣದ 2,000 ಪ್ರತಿಗಳು ಒಂದೇ ವಾರದಲ್ಲಿ ತೀರಿದವು. ಪಕ್ಷಿವಿಜ್ಞಾನವು ವಸ್ತುಸಂಗ್ರಹಾಲಯದಿಂದ ಸಾಮಾನ್ಯನ ಕೋಟಿನ ಜೇಬಿಗೆ ಇಳಿದದ್ದು ಹೀಗೆ.

ಕಸದ ಕೊಲ್ಲಿಯಲ್ಲಿ ಕಟ್ಟಿದ ಏರಿ

ನೋಡುವ ಕಣ್ಣುಗಳು ಸಿದ್ಧವಾದವು. ಆದರೆ ನೋಡುವ ತಾಣ? ಜಮೈಕಾ ಕೊಲ್ಲಿಯ ಸ್ಥಿತಿ ಆಗ ಶೋಚನೀಯವಾಗಿತ್ತು. ಅಲ್ಲಿನ ಬ್ಯಾರನ್ ಐಲೆಂಡಿಗೆ ನಗರದ ಸತ್ತ ಕುದುರೆಗಳೂ ಕಸವೂ ದಶಕಗಳ ಕಾಲ ದೋಣಿಗಳಲ್ಲಿ ಬರುತ್ತಿದ್ದವು. ಅಲ್ಲಿನ ಕಾರ್ಖಾನೆಗಳು ಅವನ್ನು ಬೇಯಿಸಿ ಗೊಬ್ಬರ, ಕೊಬ್ಬು ತೆಗೆಯುತ್ತಿದ್ದವು. ಆ ದ್ವೀಪವನ್ನು ಮಣ್ಣು ತುಂಬಿ ನೆಲಕ್ಕೆ ಸೇರಿಸಿ, 1931ರಲ್ಲಿ ಅಲ್ಲಿ ನಗರದ ಮೊದಲ ಪೌರ ವಿಮಾನನಿಲ್ದಾಣವನ್ನು ತೆರೆಯಲಾಯಿತು. ಒಂದು ಕಾಲಕ್ಕೆ ಹೇರಳವಾಗಿ ಸಿಂಪಿ ಬೆಳೆಯುತ್ತಿದ್ದ ನೀರು ಕೊಳಚೆಯಿಂದ ಎಷ್ಟು ಕೆಟ್ಟಿತೆಂದರೆ, 1921ರಲ್ಲಿ ಅಲ್ಲಿ ಸಿಂಪಿ ಸಂಗ್ರಹವನ್ನೇ ನಿಲ್ಲಿಸಬೇಕಾಯಿತು. ಇಡೀ ಕೊಲ್ಲಿಯನ್ನು ಅಗೆದು ಜಗತ್ತಿನ ಅತಿದೊಡ್ಡ ಬಂದರನ್ನಾಗಿಸುವ ಯೋಜನೆಯೂ ಇತ್ತು.

1938ರಲ್ಲಿ ನಗರದ ನೈರ್ಮಲ್ಯ ಇಲಾಖೆ ಕೊಲ್ಲಿಯನ್ನು ಕಸ ಸುರಿಯುವ ತಾಣವನ್ನಾಗಿ ಮಾಡಹೊರಟಾಗ ಅದನ್ನು ತಡೆದವರು ಉದ್ಯಾನ ಇಲಾಖೆಯ ಕಮಿಷನರ್ ರಾಬರ್ಟ್ ಮೋಸೆಸ್. ಹೆದ್ದಾರಿಗಳಿಗಾಗಿ ಬಡವರ ಕೇರಿಗಳನ್ನು ಒಕ್ಕಲೆಬ್ಬಿಸಿದ ಅಪಕೀರ್ತಿ ಮೋಸೆಸರ ಹೆಸರಿಗೆ ಅಂಟಿದೆ. ಬ್ಯಾರನ್ ಐಲೆಂಡಿನ ನಿವಾಸಿಗಳನ್ನು 1936ರಲ್ಲಿ ಹೊರಗಟ್ಟಿದವರೂ ಅವರೇ. ಆದರೂ ಈ ಕೊಲ್ಲಿಯ ಮಟ್ಟಿಗೆ ಅವರ ಹಠ ಉಪಕಾರವನ್ನೇ ಮಾಡಿತು. ಇತಿಹಾಸದಲ್ಲಿ ಪುಣ್ಯಪಾಪಗಳ ಲೆಕ್ಕ ಒಂದೇ ಪುಟದಲ್ಲಿ ಬೆರೆತಿರುವುದು ಹೊಸತೇನಲ್ಲ.

ಮುಂದಿನ ತಿರುವು ಬಂದದ್ದು ಬೆಂಕಿಯಿಂದ. 1950ರ ಮೇ ತಿಂಗಳಲ್ಲಿ ಕೊಲ್ಲಿಯನ್ನು ಅಡ್ಡ ಹಾಯುತ್ತಿದ್ದ ಮರದ ರೈಲುಸೇತುವೆ ಸುಟ್ಟುಹೋಯಿತು. ಆ ಮಾರ್ಗವನ್ನು ನಗರವು ಕೊಂಡು ಸುರಂಗರೈಲಿಗೆ ಜೋಡಿಸಲು ನಿರ್ಧರಿಸಿತು. ಹಳಿಗಳಿಗೆ ದಿಬ್ಬ ಹಾಕಲು ಕೊಲ್ಲಿಯ ತಳದ ಮರಳು ಬೇಕಿತ್ತು. ಮರಳೆತ್ತಲು ಮೋಸೆಸರ ಅನುಮತಿ ಬೇಕಿತ್ತು. ಅನುಮತಿಗೆ ಪ್ರತಿಯಾಗಿ ಅವರು ಕೇಳಿದ್ದು, ಅದೇ ಮರಳಿನಿಂದ ಏರಿ ಕಟ್ಟಿ ಎರಡು ಸಿಹಿನೀರಿನ ಕೊಳಗಳನ್ನು ನಿರ್ಮಿಸಿಕೊಡಬೇಕೆಂದು. ರಸ್ತೆಯ ಎರಡು ಪಕ್ಕಗಳಲ್ಲಿ ಈಸ್ಟ್ ಪಾಂಡ್, ವೆಸ್ಟ್ ಪಾಂಡ್ ಎಂಬ ಎರಡು ಕೊಳಗಳು ರೂಪುಗೊಂಡವು. ಸುತ್ತಲೂ ಉಪ್ಪುನೀರು, ನಡುವೆ ಏರಿಯೊಳಗೆ ಮಳೆಯ ಸಿಹಿನೀರು. ಇದನ್ನು ಕೆರೆಯೆಂದು ಕರೆಯಲು ಕನ್ನಡಿಗರು ಹಿಂಜರಿಯಬೇಕಾಗಿಲ್ಲ.

1953ರಲ್ಲಿ ಈ ಬರಡು ಮರಳದಿಣ್ಣೆಗೆ ಮೇಲ್ವಿಚಾರಕರಾಗಿ ಬಂದವರು ಹರ್ಬರ್ಟ್ ಜಾನ್ಸನ್. ವೃತ್ತಿಯಿಂದ ಅವರು ತೋಟಗಾರಿಕೆಯವರು. ಹಕ್ಕಿ ಬರಬೇಕಾದರೆ ಮೊದಲು ಹಣ್ಣು ಬೇಕು, ನೆರಳು ಬೇಕು, ಗಾಳಿಗೆ ಮರಳು ಹಾರದಂತೆ ಬೇರು ಬೇಕು ಎಂಬ ಸರಳ ಸತ್ಯವನ್ನು ಅವರು ಬಲ್ಲರು. ಮರಳು ಹಿಡಿದಿಡುವ ಹುಲ್ಲನ್ನು ನೆಟ್ಟರು. ಬೀಜ, ಕಡ್ಡಿಗಳಿಂದ ಗಿಡ ಎಬ್ಬಿಸಿದರು. ಬೇಬೆರಿ, ಆಟಮ್ ಆಲಿವ್, ಪೈನ್ ಮೊದಲಾದವು ಬೇರುಬಿಟ್ಟು ತೋಪಾದವು. ಅವುಗಳಲ್ಲಿ ಆಟಮ್ ಆಲಿವಿನಂಥ ಹೊರನಾಡ ಸಸ್ಯಗಳು ಅತಿಯಾಗಿ ಹಬ್ಬುವುದು ಈಚೆಗೆ ತೊಡಕಾಗಿದೆ, ನಿಜ. ಆದರೆ ಸುಮಾರು ಎರಡು ದಶಕಗಳ ಅವರ ದುಡಿಮೆಯಲ್ಲಿ ಬೆಳ್ಳಕ್ಕಿ, ಮಿಂಚು ಕೆಂಬರಲು, ಇರುಳು ಬಕಗಳು ಬಂದು ಕೊಲ್ಲಿಯಲ್ಲಿ ಗೂಡುಕಟ್ಟಿದವು. 1972ರಲ್ಲಿ ಅಮೆರಿಕದ ಕಾಂಗ್ರೆಸ್ಸು ಗೇಟ್‌ವೇ ರಾಷ್ಟ್ರೀಯ ವಿಹಾರಧಾಮವನ್ನು ರಚಿಸಿದಾಗ ಕೊಲ್ಲಿಯು ರಾಷ್ಟ್ರೀಯ ಉದ್ಯಾನ ಸೇವೆಯ ಕೈಸೇರಿತು. ಅದೇ ವರ್ಷ ಡಿಡಿಟಿ ನಿಷೇಧವಾಯಿತು. ಆ ವಿಷದಿಂದ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಅಳಿವಿನ ಅಂಚಿಗೆ ಸರಿದಿದ್ದ ಮೀನುಡೇಗೆಯು 1990ರ ದಶಕದಿಂದ ಇಲ್ಲಿ ನೆಟ್ಟ ಕಂಬಗಳ ಮೇಲೆ ಮರಿಮಾಡುತ್ತಿದೆ.

ರೋಗಿಗಳ ದ್ವೀಪ, ಕೊಕ್ಕರೆಗಳ ದ್ವೀಪ

ಕೊಲ್ಲಿಯ ಹೊರಗೂ ನಗರದ ಸುತ್ತ ಹಲವು ಪುಟ್ಟ ದ್ವೀಪಗಳಿವೆ. ಒಂದು ಕಾಲದಲ್ಲಿ ಊರಿಗೆ ಬೇಡವಾದದ್ದನ್ನೆಲ್ಲ ಅವುಗಳಿಗೆ ತಳ್ಳುತ್ತಿದ್ದರು. ಹಾಫ್ಮನ್ ಮತ್ತು ಸ್ವಿನ್‌ಬರ್ನ್ ದ್ವೀಪಗಳು ಹಡಗಿನಲ್ಲಿ ಬಂದ ವಲಸಿಗರಲ್ಲಿ ಸೋಂಕುರೋಗದ ಶಂಕೆಯಿದ್ದವರನ್ನು ಬೇರ್ಪಡಿಸಿ ಇಡಲೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಮನುಷ್ಯರು ಕಟ್ಟಿದವು. ಈಸ್ಟ್ ನದಿಯ ನಾರ್ತ್ ಬ್ರದರ್ ದ್ವೀಪದಲ್ಲಿ ಅಂಟುಜಾಡ್ಯದ ಆಸ್ಪತ್ರೆಯಿತ್ತು. ಟೈಫಾಯ್ಡ್ ಹರಡಿದಳೆಂದು ಹೆಸರಾದ ಅಡುಗೆಯಾಕೆ ಮೇರಿ ಮ್ಯಾಲನ್ 1938ರಲ್ಲಿ ಅಲ್ಲಿಯೇ ಬಂಧಿಯಾಗಿ ತೀರಿಕೊಂಡಳು. 1904ರಲ್ಲಿ ಜನರಲ್ ಸ್ಲೋಕಮ್ ಎಂಬ ಹಡಗು ಹೊತ್ತಿ ಉರಿದು, ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಹಡಗು ದಡ ಹತ್ತಿದ್ದು ಇದೇ ದ್ವೀಪದಲ್ಲಿ. ಆಸ್ಪತ್ರೆ 1963ರಲ್ಲಿ ಮುಚ್ಚಿತು. ಮನುಷ್ಯರು ಹೊರಟ ಮೇಲೆ ಪಾಳುಕಟ್ಟಡಗಳ ನಡುವೆ ಮರಗಳೆದ್ದವು. ಮರಗಳಿಗೆ ಇರುಳು ಬಕಗಳು ಬಂದವು. ಹಾಫ್ಮನ್ ದ್ವೀಪದಲ್ಲಿಯೂ ಹೀಗೆಯೇ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಸಂಸಾರ ಹೂಡಿದವು.

1970ರ ದಶಕದಿಂದ ನ್ಯೂಯಾರ್ಕ್ ಬಂದರಿನಲ್ಲಿ ಆದ ಈ ಪುನರಾಗಮನವನ್ನು ಸ್ವಯಂಸೇವಕರು 1980ರ ದಶಕದಿಂದ ಗೂಡು ಗೂಡಾಗಿ ಎಣಿಸುತ್ತ ಬಂದಿದ್ದಾರೆ. ಈ ಕಾರ್ಯ ನಡೆಸುವ ನಗರದ ಪಕ್ಷಿಸಂಘ 2024ರಲ್ಲಿ ತನ್ನ ಹೆಸರನ್ನು ಎನ್‌ವೈಸಿ ಬರ್ಡ್ ಅಲಯನ್ಸ್ ಎಂದು ಬದಲಿಸಿಕೊಂಡಿತು. ಎಣಿಕೆ ಹೇಳುವ ಸುದ್ದಿ ಯಾವಾಗಲೂ ಶುಭವಲ್ಲ. ಹಕ್ಕಿಗಳು ಒಂದು ದ್ವೀಪವನ್ನು ತೊರೆದು ಇನ್ನೊಂದಕ್ಕೆ ಹೋಗುತ್ತವೆ. ಮೊದಲು ತುಂಬಿದ್ದ ನಾರ್ತ್ ಬ್ರದರ್‌ನಲ್ಲಿ ಈಗ ಬಕಗಳ ಗೂಡಿಲ್ಲ. ಕಾರಣ ತಿಳಿಯಬೇಕಾದರೂ ಮೊದಲು ಯಾರಾದರೂ ಎಣಿಸಿಟ್ಟಿರಬೇಕು.

ಏರಿ ಒಡೆದಾಗ

ನಗರ ಮತ್ತು ಹಕ್ಕಿಯ ಸಹವಾಸ ಸುಲಭದ್ದಲ್ಲ. 1948ರಲ್ಲಿ ಕೊಲ್ಲಿಯ ಅಂಚಿನ ಜೌಗನ್ನು ತುಂಬಿ ತೆರೆದ ವಿಮಾನನಿಲ್ದಾಣವೇ ಇಂದಿನ ಕೆನಡಿ ನಿಲ್ದಾಣ. 1975ರಲ್ಲಿ ಅಲ್ಲಿ ಮೇಲೇರುತ್ತಿದ್ದ ವಿಮಾನದ ಎಂಜಿನ್ನಿಗೆ ಕಡಲಹಕ್ಕಿಗಳು ಸಿಲುಕಿ ವಿಮಾನ ಉರಿದುಹೋಯಿತು. ಅದೃಷ್ಟವಶಾತ್ ಒಳಗಿದ್ದವರೆಲ್ಲ ಬದುಕಿದರು. 2009ರ ಜನವರಿಯಲ್ಲಿ ಲಾಗಾರ್ಡಿಯಾದಿಂದ ಹೊರಟ ವಿಮಾನ ಹೆಬ್ಬಾತುಗಳಿಗೆ ಡಿಕ್ಕಿಯಾಗಿ ಹಡ್ಸನ್ ನದಿಯ ಮೇಲೆ ಇಳಿದದ್ದು, 155 ಜನರೂ ಪಾರಾದದ್ದು ಎಲ್ಲರಿಗೂ ನೆನಪಿದೆ. ಪ್ರಯಾಣಿಕರ ಪ್ರಾಣರಕ್ಷಣೆಗೆಂದು ಕೆನಡಿ ನಿಲ್ದಾಣದ ಬಳಿ 1991ರಿಂದ ಸಾವಿರಾರು ಕಡಲಹಕ್ಕಿಗಳನ್ನು ಗುಂಡಿಟ್ಟು ಕೊಲ್ಲಲಾಗಿದೆ. ಒಂದು ಕಡೆ ಅಭಯ, ಪಕ್ಕದಲ್ಲೇ ಬಂದೂಕು. ಈ ಇಕ್ಕಟ್ಟಿಗೆ ಸುಲಭ ಪರಿಹಾರ ಯಾರ ಬಳಿಯೂ ಇಲ್ಲ.

ಬೆಳಕೂ ಕೊಲ್ಲಬಲ್ಲದು. ರಾತ್ರಿ ಹಾರುವ ಹಕ್ಕಿಗಳು ದೀಪಕ್ಕೆ ಮರುಳಾಗುತ್ತವೆ. ಸ್ವಾತಂತ್ರ್ಯದೇವಿಯ ಪ್ರತಿಮೆ 1886ರಿಂದ 1902ರವರೆಗೆ ದೀಪಸ್ತಂಭವೂ ಆಗಿತ್ತು. ಅದರ ಪಂಜಿಗೆ ಬಡಿದು ಒಂದೇ ರಾತ್ರಿಯಲ್ಲಿ ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತದ್ದೂ ಉಂಟು. ಸೆಪ್ಟೆಂಬರ್ 11ರ ದುರಂತದ ನೆನಪಿಗೆ 2002ರಿಂದ ಬೆಳಗುವ ಎರಡು ಬೆಳಕಿನ ಕಂಬಗಳು ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳ ದಾರಿ ತಪ್ಪಿಸಿದವೆಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿತು. ಅಲ್ಲಿ ಸ್ವಯಂಸೇವಕರು ನಿಂತು ಎಣಿಸುತ್ತಾರೆ. ಕಿರಣಗಳಲ್ಲಿ ಸಿಲುಕಿದ ಹಕ್ಕಿಗಳು ಸಾವಿರ ದಾಟಿದರೆ ಸುಮಾರು 20 ನಿಮಿಷ ದೀಪ ಆರಿಸುತ್ತಾರೆ. ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿಯುತ್ತವೆ. ಮೃತರ ಸ್ಮರಣೆಗೂ ಕುಂದಿಲ್ಲ, ಜೀವಂತ ಅತಿಥಿಗಳಿಗೂ ಕೇಡಿಲ್ಲ.

ಎಲ್ಲಕ್ಕೂ ಮಿಗಿಲಾದ ಆತಂಕವೆಂದರೆ ದ್ವೀಪಗಳೇ ಕರಗುತ್ತಿರುವುದು. 1924ರಿಂದೀಚೆಗೆ ಕೊಲ್ಲಿಯ ದ್ವೀಪಗಳಲ್ಲಿ ಸುಮಾರು 1,400 ಎಕರೆ ಜೌಗುಹುಲ್ಲು ಕಣ್ಮರೆಯಾಗಿದೆ. ಕೊಳಚೆನೀರಿನಲ್ಲಿ ಬರುವ ಸಾರಜನಕ, ಆಳವಾಗಿ ಅಗೆದ ಕಾಲುವೆಗಳು, ಏರುತ್ತಿರುವ ಸಮುದ್ರ ಎಲ್ಲವೂ ಇದಕ್ಕೆ ಕಾರಣ. 2006ರಿಂದ ಎಲ್ಡರ್ಸ್ ಪಾಯಿಂಟ್, ಯೆಲ್ಲೋ ಬಾರ್ ಮೊದಲಾದ ದ್ವೀಪಗಳಿಗೆ ಮರಳು ತುಂಬಿ, ಹುಲ್ಲು ನೆಟ್ಟು ಮರಳಿ ಕಟ್ಟುವ ಕೆಲಸ ನಡೆದಿದೆ. ಅದರಲ್ಲಿ ಊರಿನ ಸ್ವಯಂಸೇವಕರ ಕೈಗಳೂ ಕೂಡಿವೆ.

2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಪ್ಪಳಿಸಿ ವೆಸ್ಟ್ ಪಾಂಡಿನ ಏರಿ ಒಡೆಯಿತು. ಸಿಹಿನೀರಿಗೆ ಕಡಲು ನುಗ್ಗಿತು. ಒಡೆದದ್ದು ಒಡೆದೇ ಹೋಗಲಿ, ಅದೇ ಪ್ರಕೃತಿಯ ಇಚ್ಛೆ ಎಂಬ ವಾದವೂ ಕೇಳಿಬಂತು. ಪಕ್ಷಿವೀಕ್ಷಕರೂ ನಾಗರಿಕ ಸಂಘಗಳೂ ಒಪ್ಪಲಿಲ್ಲ. ಹತ್ತಾರು ವರ್ಷಗಳ ಎಣಿಕೆಯ ಪುಸ್ತಕಗಳು ಅವರ ಬಳಿ ಇದ್ದವು. ಯಾವ ಹಕ್ಕಿ ಯಾವ ಋತುವಿನಲ್ಲಿ ಈ ಸಿಹಿನೀರನ್ನೇ ನೆಚ್ಚಿ ಬರುತ್ತದೆ ಎಂಬುದನ್ನು ಅವರು ತೋರಿಸಬಲ್ಲವರಾಗಿದ್ದರು. ವರ್ಷಗಳ ಒತ್ತಾಯದ ಬಳಿಕ ಏರಿಯನ್ನು ಮತ್ತೆ ಕಟ್ಟಲಾಯಿತು. 2017ರಲ್ಲಿ ಕೊಳದ ಸುತ್ತಣ ಕಾಲುದಾರಿ ಜನರಿಗೆ ತೆರೆಯಿತು.

ಎರಡು ನಾಡು, ಒಂದು ಪಾಠ

ಈ ಕಥೆ ಕನ್ನಡಿಗರಿಗೆ ಅಪರಿಚಿತವಾಗಿ ಕಾಣಬೇಕಿಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ನಡುಗಡ್ಡೆಗಳು ಹುಟ್ಟಿದ್ದು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಮೈಸೂರು ಅರಸರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಕಟ್ಟೆಯಿಂದ. ಒಕ್ಕಲುತನಕ್ಕೆಂದು ತಡೆದ ನೀರು ಹಕ್ಕಿಗಳಿಗೆ ಆಸರೆಯಾಯಿತು. ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆ ಬಂದ ಸಲೀಂ ಅಲಿಯವರು ಆ ನಡುಗಡ್ಡೆಗಳ ಮಹತ್ವವನ್ನು ಮನಗಾಣಿಸಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಯಾವ ಸರ್ಕಾರಿ ಆಜ್ಞೆಗೂ ಕಾಯದೆ, ಊರಿನವರೇ ತಲೆಮಾರುಗಳಿಂದ ಹೆಜ್ಜಾರ್ಲೆಗಳನ್ನೂ ಕೊಕ್ಕರೆಗಳನ್ನೂ ಮನೆಮಕ್ಕಳಂತೆ ನೋಡಿಕೊಂಡಿದ್ದಾರೆ. ಅಲ್ಲಿಯೂ ಇಲ್ಲಿಯೂ ಕ್ರಮ ಒಂದೇ: ಮೊದಲು ಯಾರೋ ಕಟ್ಟಿದರು, ಆಮೇಲೆ ಯಾರೋ ಗಮನವಿಟ್ಟು ನೋಡಿದರು, ನೋಡಿದವರ ಮಾತಿನಿಂದ ರಕ್ಷಣೆ ಹುಟ್ಟಿತು.

ನಮ್ಮ ಸಮ್ಮೇಳನಗಳ ವೇದಿಕೆಯಲ್ಲಿ ನಾವು ನಮ್ಮನ್ನು ವಲಸೆ ಹಕ್ಕಿಗಳಿಗೆ ಹೋಲಿಸಿಕೊಳ್ಳುವುದುಂಟು. ಹೋಲಿಕೆ ಸವೆದಿದೆ, ಪೂರ್ತಿ ಸರಿಯೂ ಅಲ್ಲ. ವಲಸೆ ಹಕ್ಕಿ ಒಂದು ನಾಡನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದಿಲ್ಲ. ಅದಕ್ಕೆ ಎರಡು ತುದಿಯೂ ಬೇಕು, ನಡುವಿನ ತಂಗುದಾಣವೂ ಬೇಕು. ಈ ಚರಿತ್ರೆಯಲ್ಲಿ ನಮಗೊಪ್ಪುವ ಪಾತ್ರ ಬಹುಶಃ ಹಕ್ಕಿಯದಲ್ಲ, ಛತ್ರದವರದು. ನಾವು ನೆಲೆಸಿದ ಊರಿನ ನೀರು, ಜೌಗು, ತೋಪುಗಳು ಯಾರ ದುಡಿಮೆಯಿಂದ ಉಳಿದಿವೆ ಎಂದು ತಿಳಿಯುವುದೂ ಆ ದುಡಿಮೆಗೆ ಹೆಗಲು ಕೊಡುವುದೂ ಈ ನಾಡಿನ ಋಣ ತೀರಿಸುವ ಒಂದು ಬಗೆ.

ನ್ಯೂಯಾರ್ಕಿಗೆ ಹೋಗುವ ಪ್ರತಿನಿಧಿಗಳು ಒಂದು ಬೆಳಗನ್ನು ಇದಕ್ಕೆ ಮೀಸಲಿಡಬೇಕೆಂದು ಕೋರಿಕೆ. ಎ ರೈಲಿನಲ್ಲಿ ಬ್ರಾಡ್ ಚಾನೆಲ್ ನಿಲ್ದಾಣಕ್ಕೆ ಹೋಗಿ ಇಳಿದರೆ ಧಾಮದ ಬಾಗಿಲಿಗೆ ನಡೆದೇ ಹೋಗಬಹುದು. ಮೇ ತಿಂಗಳ ಮೊದಲೆರಡು ವಾರಗಳಲ್ಲಿ ಬಣ್ಣಬಣ್ಣದ ಉಲಿಯಕ್ಕಿಗಳು ಜಾನ್ಸನ್ನರ ತೋಪುಗಳಲ್ಲಿರುತ್ತವೆ. ಆಗಸ್ಟಿನಲ್ಲಿ ಈಸ್ಟ್ ಪಾಂಡಿನ ನೀರು ತಗ್ಗಿದಾಗ ಆರ್ಕ್ಟಿಕ್‌ನಿಂದ ಮರಳುವ ಗೊರವಗಳು ಕೆಸರಿನಲ್ಲಿ ಮೇಯುತ್ತವೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಬ್ರಾಂಟ್ ಎಂಬ ಪುಟ್ಟ ಕರಿಯ ಹೆಬ್ಬಾತುಗಳ ಹಿಂಡು ಕೊಲ್ಲಿಯಲ್ಲಿ ತಂಗುತ್ತದೆ. ದುರ್ಬೀನು ಒಯ್ಯಿರಿ, ಮಕ್ಕಳನ್ನು ಕರೆದೊಯ್ಯಿರಿ, ಅವರ ಕೈಗೊಂದು ಟಿಪ್ಪಣಿಪುಸ್ತಕ ಕೊಡಿ. ಏರಿಯ ಮೇಲೆ ನಿಂತ ಬೆಳ್ಳಕ್ಕಿಯನ್ನು ತೋರಿಸಿ, ಇದು ನಮ್ಮೂರ ಗದ್ದೆಯಲ್ಲಿಯೂ ಇದೆ ಎಂದು ಹೇಳಿ. ಎಷ್ಟಿವೆಯೆಂದು ಅವರೇ ಎಣಿಸಿ ಬರೆದುಕೊಳ್ಳಲಿ.